ಮುಪ್ಪಿನ ನಾಯಿ, ಮುಪ್ಪಿನ ಬೆಕ್ಕು



ಮಂಡ್ಯ, ಮದ್ದೂರು, ಮಳವಳ್ಳಿಯ ಕಡೆ ಜಗಲಿಯ ಮೇಲೋ, ಆಲೆಮನೆಯ ಒಲೆಯ ಪಕ್ಕದಲ್ಲೋ ಸುರುಟಿಕೊಂಡು ಮಲಗಿದ ಮುದಿ ನಾಯಿಯನ್ನು ನೀವೆಲ್ಲ ನೋಡಿದ್ದೀರಿ. ಅದು ಯಾಕೆ ಮಂಕಾಗಿದೆ ಎಂದು ಕೇಳಿ ನೋಡಿ. ಮನೆಯವರ ಉತ್ತರ ಸಿದ್ಧವಾಗಿರುತ್ತದೆ: “ವಯ್ಸಾಯ್ತು ಬುಡಿ.” ಎಷ್ಟೋ ಪ್ರಾಣಿಗಳ ಚಿಕಿತ್ಸೆ ಈ ಎರಡು ಮಾತಿನಲ್ಲೇ ಮುಗಿದುಹೋಗುತ್ತದೆ. ಮುಪ್ಪು ತಾನೇ ಒಂದು ಕಾಯಿಲೆಯಲ್ಲ. ಅದರ ಮರೆಯಲ್ಲಿ ಬೆಳೆಯುವ ಕಾಯಿಲೆಗಳಿಗೆ ಬೇರೆ ಹೆಸರುಗಳಿವೆ, ಹಲವಕ್ಕೆ ಮದ್ದೂ ಇದೆ.

ನಾಯಿಯ ಒಂದು ವರ್ಷ ಮನುಷ್ಯನ ಏಳು ವರ್ಷಕ್ಕೆ ಸಮ ಎಂಬ ಲೆಕ್ಕ ಸುಲಭ, ಆದರೆ ಸರಿಯಲ್ಲ. ದೊಡ್ಡ ಮೈಕಟ್ಟಿನ ನಾಯಿ ಆರೇಳು ವರ್ಷಕ್ಕೇ ಮುಪ್ಪಿಗೆ ಕಾಲಿಡುತ್ತದೆ. ಪೊಮೇರಿಯನ್‌ನಂಥ ಪುಟ್ಟ ನಾಯಿಗೆ ಹತ್ತು ವರ್ಷವಾದರೂ ಆಗಬೇಕು. ಬೆಕ್ಕು ಎರಡನೆಯ ವರ್ಷದ ಕೊನೆಗೆ 24ರ ಯುವಕನಿಗೆ ಸಮ, ಆಮೇಲೆ ವರ್ಷಕ್ಕೆ ನಾಲ್ಕರಂತೆ ಕೂಡಿಸುತ್ತಾ ಹೋಗಬೇಕು. ಅಂದರೆ 11 ವರ್ಷದ ಬೆಕ್ಕಿಗೆ ನಮ್ಮ ಲೆಕ್ಕದಲ್ಲಿ 60 ತುಂಬಿತು. ಅದಕ್ಕೇ ಮುಪ್ಪಿನ ಪ್ರಾಣಿಯನ್ನು ಆರು ತಿಂಗಳಿಗೊಮ್ಮೆ ವೈದ್ಯರಿಗೆ ತೋರಿಸಿ ಎನ್ನುವುದು.

ಕಾಯಿಲೆ ಕಾಣುವ ಮೊದಲೇ ಏಕೆ ತೋರಿಸಬೇಕು? ಮೂತ್ರಪಿಂಡದ ಉದಾಹರಣೆ ತೆಗೆದುಕೊಳ್ಳಿ. ವಯಸ್ಸಾದ ಬೆಕ್ಕುಗಳನ್ನು ಹೆಚ್ಚಾಗಿ ಕಾಡುವುದು ಇದೇ. ರಕ್ತದಲ್ಲಿ ಕ್ರಿಯಾಟಿನಿನ್ ಏರಿದೆ ಎಂದು ವರದಿ ಬರುವ ಹೊತ್ತಿಗೆ ಮೂತ್ರಪಿಂಡದ ಕೆಲಸದಲ್ಲಿ ಸುಮಾರು ಮುಕ್ಕಾಲು ಪಾಲು ನಿಂತಿರುತ್ತದೆ. ಆದರೆ ಅದಕ್ಕೂ ಮುಂಚೆಯೇ ಮೂತ್ರ ತೆಳ್ಳಗಾಗಿರುತ್ತದೆ, ಬೆಕ್ಕು ಹೆಚ್ಚು ನೀರು ಕುಡಿಯತೊಡಗಿರುತ್ತದೆ. ಬಚ್ಚಲಿನ ಬಕೆಟ್ಟಿಗೆ ಪದೇ ಪದೇ ಬಾಯಿ ಹಾಕುವ ಬೆಕ್ಕನ್ನು ಅಟ್ಟುವ ಮೊದಲು ಇದು ನೆನಪಿರಲಿ. ನೀರಡಿಕೆ ಸಕ್ಕರೆ ಕಾಯಿಲೆಯದೂ ಆಗಿರಬಹುದು. ಬೆಳಗಿನ ಮೂತ್ರವನ್ನು ಶುಚಿಯಾದ ಸೀಸೆಯಲ್ಲಿ ಹಿಡಿದು ತಂದರೆ ವೈದ್ಯರಿಗೆ ಅರ್ಧ ದಾರಿ ಸವೆದಂತೆ.

ನಮ್ಮ ತಾಲ್ಲೂಕು ಪಶು ಆಸ್ಪತ್ರೆಗಳ ದಿನದ ಬಹುಪಾಲು ಹಸು, ಎಮ್ಮೆ, ಕುರಿಗಳಿಗೇ ಹೋಗುತ್ತದೆ. ಹಾಲಿನ ಜಿಲ್ಲೆಯಲ್ಲಿ, ಅದರಲ್ಲೂ ಬಂಡೂರು ಕುರಿಯ ಮಳವಳ್ಳಿಯಲ್ಲಿ, ಅದು ಸಹಜವೇ. ದೊಡ್ಡ ಪರೀಕ್ಷೆ ಬೇಕಾದಾಗ 1958ರಲ್ಲಿ ಆರಂಭವಾದ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿದೆ. ಆದರೆ ಯಂತ್ರವಿಲ್ಲದೆ ಮನೆಯಲ್ಲೇ ಆಗುವ ತಪಾಸಣೆ ಸಣ್ಣದೇನಲ್ಲ. ಅದು ನಿಮ್ಮಂಥ ನೋಟುಬುಕ್ಕು ಇಡುವವರ ಕೈಯಲ್ಲಿ ಚೆನ್ನಾಗಿ ಆಗುತ್ತದೆ.

ನಾಯಿ ಗಾಢವಾಗಿ ನಿದ್ರಿಸುವಾಗ ಅದರ ಪಕ್ಕೆ ಒಮ್ಮೆ ಏರಿ ಇಳಿದರೆ ಒಂದು ಉಸಿರು. ಗಡಿಯಾರ ಹಿಡಿದು ಒಂದು ನಿಮಿಷ ಎಣಿಸಿ. 30ರೊಳಗಿದ್ದರೆ ಒಳ್ಳೆಯದು. ದಿನವೂ 30 ದಾಟುತ್ತಿದ್ದರೆ, ಜೊತೆಗೆ ರಾತ್ರಿ ಕೆಮ್ಮಿದ್ದರೆ, ಹೃದಯದ ಕವಾಟ ಸೋರುತ್ತಿರಬಹುದು. ಪುಟ್ಟ ಜಾತಿಯ ಮುದಿ ನಾಯಿಗಳಲ್ಲಿ ಇದು ಹೆಚ್ಚು, ಮಾತ್ರೆಗಳಿಂದ ಹಿಡಿತಕ್ಕೂ ಬರುತ್ತದೆ. ತೂಕ ನೋಡುವುದು ಇನ್ನೂ ಸುಲಭ. ನಾಯಿಯನ್ನು ಎತ್ತಿಕೊಂಡು ತಕ್ಕಡಿ ಹತ್ತಿ, ಆಮೇಲೆ ನೀವೊಬ್ಬರೇ ಹತ್ತಿ ಕಳೆಯಿರಿ. ಎತ್ತಲಾಗದ ದೊಡ್ಡ ನಾಯಿಗೆ ಬೆಲ್ಲ ತೂಗುವ ತಕ್ಕಡಿಯೂ ಆದೀತು!

ಹೆಣ್ಣು ನಾಯಿಯ ಹೊಟ್ಟೆಯ ಕೆಳಗೆ ಕೈಯಾಡಿಸಿ ಮೊಲೆಗಳಲ್ಲಿ ಗಂಟಿದೆಯೇ ನೋಡಿ. ಗಂಟು ಕಡಲೆಯಷ್ಟಿರುವಾಗ ತೆಗೆಸುವುದಕ್ಕೂ ನಿಂಬೆಹಣ್ಣಿನಷ್ಟಾದ ಮೇಲೆ ತೆಗೆಸುವುದಕ್ಕೂ ಬಹಳ ಅಂತರ. ಸಂತಾನಹರಣ ಶಸ್ತ್ರಚಿಕಿತ್ಸೆಯಾಗದ ಮುದಿ ನಾಯಿ ಬೆದೆ ಮುಗಿದ ಒಂದೆರಡು ತಿಂಗಳಲ್ಲಿ ಊಟ ಬಿಟ್ಟು ನೀರನ್ನೇ ಕುಡಿಯುತ್ತಿದ್ದರೆ ಒಂದು ದಿನವೂ ಕಾಯಬೇಡಿ. ಗರ್ಭಕೋಶದಲ್ಲಿ ಕೀವು ತುಂಬಿರಬಹುದು, ತಡವಾದರೆ ಜೀವಕ್ಕೇ ಅಪಾಯ.

ಇನ್ನು ಊಟ. ರಾಗಿ ಮುದ್ದೆ ತಿಂದು ಬೆಳೆದ ನಾಯಿಗೆ ಮುದ್ದೆ ಕೆಟ್ಟದ್ದಲ್ಲ, ಅದರ ಜೊತೆ ಸುರಿಯುವ ಸಾರಿನ ಬಗ್ಗೆ ಎಚ್ಚರಿಕೆ ಬೇಕು. ಈರುಳ್ಳಿ, ಬೆಳ್ಳುಳ್ಳಿ ನಾಯಿ ಬೆಕ್ಕುಗಳ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಮದ್ದೂರು ವಡೆಯ ರುಚಿಯೇ ಈರುಳ್ಳಿ. ಅದನ್ನು ನಾವು ತಿನ್ನೋಣ, ನಾಯಿಗೆ ಬೇಡ. ಬೆಕ್ಕಿಗೆ ಬರೀ ಹಾಲನ್ನ ಸಾಲದು. ಮಾಂಸ, ಮೀನಿನಲ್ಲಿರುವ ಟಾರಿನ್ ಎಂಬ ವಸ್ತು ಸಿಗದಿದ್ದರೆ ಬೆಕ್ಕಿನ ಹೃದಯ ಸೊರಗುತ್ತದೆ ಎಂದು ಅಮೆರಿಕದ ಪಶುವೈದ್ಯರು 1987ರಲ್ಲಿ ತೋರಿಸಿಕೊಟ್ಟರು. ಮನೆಯ ಮಾತ್ರೆ ಡಬ್ಬಿಯನ್ನಂತೂ ಮುಟ್ಟಲೇಬೇಡಿ. ನಮಗೆ ಜ್ವರ ಇಳಿಸುವ ಪ್ಯಾರಾಸಿಟಮಾಲ್ ಒಂದೇ ಒಂದು ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು.

ಇಷ್ಟೆಲ್ಲ ಮಾಡುವ ಬದಲು ಮುದಿ ನಾಯಿಯನ್ನು ಚೀಲಕ್ಕೆ ಹಾಕಿ ಹೆದ್ದಾರಿಯ ಬದಿಗೆ ಬಿಟ್ಟು ಬರುವವರಿದ್ದಾರೆ. ಪ್ರಾಣಿಗಳನ್ನು ಹಸಿವು ನೀರಡಿಕೆಗೆ ದೂಡಿ ಕೈಬಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೆಯ ಕಲಮಿನ ಪ್ರಕಾರ ಅಪರಾಧ. ಮೊದಲ ತಪ್ಪಿಗೆ ಕಾಯ್ದೆ ಬರೆದಿಟ್ಟ ದಂಡ ಹತ್ತರಿಂದ ಐವತ್ತು ರೂಪಾಯಿ. ನಾಯಿಯನ್ನು ಅಲ್ಲಿಗೆ ಸಾಗಿಸಲು ಸುಟ್ಟ ಪೆಟ್ರೋಲಿಗೇ ಅದಕ್ಕಿಂತ ಹೆಚ್ಚಾದೀತು.

ಕೊನೆಗೆ ಸುರಕ್ಷತೆಯ ವಿಚಾರ. ಮುದಿ ನಾಯಿಗೂ ರೇಬೀಸ್ ಲಸಿಕೆಯನ್ನು ವೈದ್ಯರು ಹೇಳಿದ ಅವಧಿಗೆ ತಪ್ಪದೆ ಹಾಕಿಸಬೇಕು. ಸಾಕಿದ ನಾಯಿಯೇ ಕಚ್ಚಿದರೂ ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಾಕಿ ಹದಿನೈದು ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ. ಕಿವಿ ಮಂದವಾಗಿ, ಕಣ್ಣು ಮಬ್ಬಾದ ನಾಯಿ ನಿದ್ದೆಯಲ್ಲಿ ಬೆಚ್ಚಿ ಕಚ್ಚುವುದುಂಟು. ಹಿಂದಿನಿಂದ ಹೋಗಿ ಮುಟ್ಟಬೇಡಿ. ಎದುರಿಗೆ ಸ್ವಲ್ಪ ದೂರದಲ್ಲಿ ನಿಂತು ಕಾಲಿನಿಂದ ನೆಲವನ್ನು ಮೆಲ್ಲಗೆ ತಟ್ಟಿ. ಅದರುವಿಕೆ ತಿಳಿದು ಅದು ತಲೆ ಎತ್ತುತ್ತದೆ, ಆಮೇಲೆ ಕೈ ಚಾಚಿ.