ಮಗು ಬರೆದ ಪುಸ್ತಕಕ್ಕೆ ಊರೇ ಓದುಗ



ಯಳಂದೂರು ತಾಲ್ಲೂಕಿನ ಹೊನ್ನೂರಿನ ಈ ಮಕ್ಕಳ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠದಲ್ಲಿ ನನ್ನನ್ನು ಕೂರಿಸಿದ್ದೀರಿ. ನಿಮ್ಮ ಪ್ರೀತಿಗೆ ಋಣಿ. ಮಕ್ಕಳಿಗಾಗಿ ದೊಡ್ಡವರು ಬರೆಯುವ ಸಾಹಿತ್ಯದ ಬಗ್ಗೆ ಇಂಥ ವೇದಿಕೆಗಳಲ್ಲಿ ಬೇಕಾದಷ್ಟು ಮಾತಾಗಿದೆ. ಪಂಜೆ ಮಂಗೇಶರಾಯರು, ಹೊಯಿಸಳ, ಜಿ.ಪಿ. ರಾಜರತ್ನಂ ಕಟ್ಟಿಕೊಟ್ಟ ಆ ಪರಂಪರೆಗೆ ಕೈಮುಗಿದು, ಮಕ್ಕಳೇ ಬರೆದು ಮಕ್ಕಳೇ ಹೊರತರುವ ಪುಸ್ತಕಗಳ ಬಗ್ಗೆ ಇವತ್ತು ಮಾತಾಡುತ್ತೇನೆ. ಪ್ರಾಥಮಿಕ ಶಾಲೆ ಮುಗಿಸುವ ಹೊತ್ತಿಗೆ ಪ್ರತಿ ಮಗುವಿನ ಹೆಸರಲ್ಲೂ ಒಂದು ಪುಸ್ತಕ ಇರಬೇಕು. ನಾನು ಹೇಳಬೇಕೆಂದು ಬಂದಿರುವುದು ಇದನ್ನೇ.

ಈ ಮಾತಿಗೆ ಯಳಂದೂರು ಸೀಮೆಯಂಥ ತಕ್ಕ ನೆಲ ಬೇರೆ ಸಿಗದು. ಸಂಚಿಯ ಹೊನ್ನಮ್ಮ ಈ ಸೀಮೆಯವಳು. 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ರಾಣಿಗೆ ಎಲೆಅಡಿಕೆಯ ಸಂಚಿ ಹಿಡಿಯುವ ಊಳಿಗ ಅವಳದು. ಅವಳಲ್ಲಿದ್ದ ಕವಿತ್ವವನ್ನು ರಾಣಿ ದೇವಾಜಮ್ಮಣ್ಣಿ ಗುರುತಿಸಿದಳು, ಕವಿ ಸಿಂಗರಾರ್ಯ ಗುರುವಾಗಿ ನಿಂತ. ಹಾಗೆ ಹುಟ್ಟಿತು ‘ಹದಿಬದೆಯ ಧರ್ಮ’ ಎಂಬ ಸಾಂಗತ್ಯ ಕಾವ್ಯ. ಪ್ರತಿಭೆ ಹೊನ್ನಮ್ಮನದೇ. ಆದರೆ ‘ನೀನು ಬರೆ’ ಎನ್ನಲು ಒಬ್ಬರಿದ್ದರು, ಬರೆದದ್ದನ್ನು ಕಿವಿಗೊಟ್ಟು ಕೇಳಲು ಒಬ್ಬರಿದ್ದರು. ನಮ್ಮ ಸರ್ಕಾರಿ ಶಾಲೆಯ ಬೆಂಚುಗಳ ಮೇಲೆ ಎಷ್ಟು ಜನ ಹೊನ್ನಮ್ಮಂದಿರಿದ್ದಾರೆ? ಅವರಿಗೆ ಬರೆ ಎಂದವರು ಯಾರು?

ಮಕ್ಕಳು ಬರೆಯುತ್ತಲೇ ಇದ್ದಾರಲ್ಲ ಎಂದು ನೀವು ಕೇಳಬಹುದು. ಕಾಪಿ ಬರೆಯುತ್ತಾರೆ, ಉಕ್ತಲೇಖನ ಬರೆಯುತ್ತಾರೆ, ಬೋರ್ಡಿನ ಮೇಲಿನ ಪ್ರಶ್ನೋತ್ತರ ಇಳಿಸಿಕೊಳ್ಳುತ್ತಾರೆ. ವರ್ಷಕ್ಕೆ ನೂರಾರು ಪುಟ ತುಂಬುತ್ತವೆ. ಅದರಲ್ಲಿ ಮಗುವಿನ ಸ್ವಂತ ಮಾತು ಒಂದು ಪುಟವೂ ಇರುವುದಿಲ್ಲ. ಹಸುವಿನ ಬಗ್ಗೆ ಪ್ರಬಂಧ ಬರೆ ಎಂದರೆ, ಅದು ಸಾಕುಪ್ರಾಣಿ, ಅದಕ್ಕೆ ನಾಲ್ಕು ಕಾಲು, ಎರಡು ಕೊಂಬು ಎಂದು ಬಾಯಿಪಾಠದಿಂದ ಬರೆಯುತ್ತದೆ. ಅದೇ ಮಗು ಬೆಳಿಗ್ಗೆ ಎದ್ದು ಕೊಟ್ಟಿಗೆ ಕಸ ಬಾಚಿ ಬಂದಿರುತ್ತದೆ. ಯಾವ ಹಸು ಒದೆಯುತ್ತದೆ, ಯಾವುದು ಅಮ್ಮ ಬಂದರೆ ಮಾತ್ರ ಹಾಲು ಕೊಡುತ್ತದೆ, ಕರು ಮಾರಿದ ರಾತ್ರಿ ಅದು ಹೇಗೆ ಕೂಗಿತು, ಎಲ್ಲವೂ ಅದಕ್ಕೆ ಗೊತ್ತು. ಆ ತಿಳಿವಳಿಕೆ ನೋಟ್‌ಬುಕ್ಕಿನ ಒಳಗೆ ಬರಲು ನಾವು ಬಾಗಿಲು ತೆಗೆದಿಲ್ಲ.

ಈ ಭಾಗದ ಮಕ್ಕಳ ಬಳಿ ಬರೆಯಲು ಏನು ತಾನೇ ಇಲ್ಲ! ರೇಷ್ಮೆ ಸಾಕುವ ಮನೆಯ ಹುಡುಗಿ ಹಿಪ್ಪುನೇರಳೆ ಸೊಪ್ಪು ಕೊಯ್ದು ತಂದವಳು. ಮೊಟ್ಟೆಯೊಡೆದ ಹುಳು ನಾಲ್ಕು ಜ್ವರ ದಾಟಿ, ಹಣ್ಣಾಗಿ, ಚಂದ್ರಿಕೆ ಏರುವವರೆಗಿನ ಕಥೆಯನ್ನು ಅವಳಿಗಿಂತ ಚೆನ್ನಾಗಿ ಯಾವ ಪಠ್ಯಪುಸ್ತಕ ಹೇಳೀತು? ಬಿಳಿಗಿರಿರಂಗನ ಬೆಟ್ಟದ ಪೋಡುಗಳ ಸೋಲಿಗರ ಮಗುವಿಗೆ ಹೆಜ್ಜೇನು, ತುಡುವೆ, ಕೋಲುಜೇನು, ನಸರು ಬೇರೆ ಬೇರೆಯಾಗಿ ಗೊತ್ತು. ಮಾದಪ್ಪನ ಬೆಟ್ಟಕ್ಕೆ ನಡೆದು ಹೋದ ಮಗು ಇದೆ, ಕಬ್ಬಿನ ಗದ್ದೆಗೆ ಆನೆ ಬಂದ ರಾತ್ರಿ ಅಪ್ಪನ ಜೊತೆ ಎಚ್ಚರವಿದ್ದ ಮಗು ಇದೆ. ಇವೆಲ್ಲ ಪುಸ್ತಕಗಳೇ.

ಮಕ್ಕಳ ಭಾಷೆ ಶುದ್ಧವಿಲ್ಲ ಎಂಬ ಆಕ್ಷೇಪ ಬರುತ್ತದೆ. ದೇವನೂರ ಮಹಾದೇವ ಅವರ ‘ಕುಸುಮಬಾಲೆ’ ನಮ್ಮ ಈ ಸೀಮೆಯ ಆಡುಮಾತಿನಲ್ಲೇ ಹುಟ್ಟಿದ ಕೃತಿ. ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಮನೆಮಾತಿನಲ್ಲಿ ಬರೆದ ಮಗುವನ್ನು ತಡೆಯುವ ಹಕ್ಕು ನಮಗಿಲ್ಲ. ಗ್ರಾಂಥಿಕ ಕನ್ನಡವನ್ನೂ ಕಲಿಸೋಣ. ಆದರೆ ಮಗುವಿನ ಮೊದಲ ಬರಹದ ಮೇಲೆ ಕೆಂಪು ಶಾಯಿ ಬೀಳದಿರಲಿ. ಮೊದಲು ಅದು ಹೇಳಿದ್ದನ್ನು ಓದೋಣ, ‘ಆಮೇಲೆ ಏನಾಯ್ತು ಮಗ?’ ಎಂದು ಕೇಳೋಣ. ಕಾಗುಣಿತ, ಒತ್ತಕ್ಷರ ಎರಡನೇ ಸಲ ಬರೆಯುವಾಗ ತಿದ್ದಿದರಾಯಿತು. ತನ್ನ ಪುಸ್ತಕವನ್ನು ಬೇರೆಯವರು ಓದುತ್ತಾರೆ ಎಂದು ತಿಳಿದ ಮಗು ತಾನೇ ಬಂದು ‘ಇದು ಸರಿಯಾ ಮಿಸ್?’ ಎನ್ನುತ್ತದೆ.

ಬರೆದರೆ ಸಾಲದೆ, ಪ್ರಕಟಣೆ ಯಾಕೆ? ಇದೇ ತಾಲ್ಲೂಕಿನ ಅಗರದಲ್ಲಿ 1898ರಲ್ಲಿ ಹುಟ್ಟಿದ ನಾಟಕಕಾರ ಸಂಸರನ್ನು ನೆನೆಯಿರಿ. ‘ವಿಗಡ ವಿಕ್ರಮರಾಯ’ ಬರೆದ ಆ ಮಹಾನುಭಾವರ ನಾಟಕಗಳಲ್ಲಿ ನಮ್ಮ ಕೈಗೆ ಉಳಿದದ್ದು ಕೆಲವೇ. ಕಾಪಾಡುವವರಿಲ್ಲದ ಬರಹ ಕಳೆದುಹೋಗುತ್ತದೆ, ಅದರೊಡನೆ ಬರೆಯುವ ಹುರುಪೂ ಕಳೆಯುತ್ತದೆ.

ಮಕ್ಕಳ ಬರಹವನ್ನು ಹೊರತರುವುದು ಹೊಸ ಕನಸಲ್ಲ. ಯಾಸ್ನಾಯ ಪೋಲ್ಯಾನದಲ್ಲಿ ರೈತರ ಮಕ್ಕಳಿಗೆ ಶಾಲೆ ನಡೆಸಿದ ಟಾಲ್‌ಸ್ಟಾಯ್, ನಾವು ಅವರಿಗೆ ಬರವಣಿಗೆ ಕಲಿಸಬೇಕೋ ಅವರಿಂದ ನಾವು ಕಲಿಯಬೇಕೋ ಎಂದು 1862ರಲ್ಲೇ ಕೇಳಿದ್ದರು. 1924ರಲ್ಲಿ ಫ್ರಾನ್ಸಿನ ಒಂದು ಬೆಟ್ಟದ ಹಳ್ಳಿಯ ಮೇಷ್ಟ್ರು ಸೆಲೆಸ್ಟಿನ್ ಫ್ರೆನೆ ತರಗತಿಗೆ ಪುಟ್ಟ ಮುದ್ರಣ ಯಂತ್ರ ತಂದರು. ಮಕ್ಕಳೇ ಮೊಳೆ ಜೋಡಿಸಿ ತಮ್ಮ ಬರಹ ಅಚ್ಚು ಹಾಕಿ ದೂರದ ಕರಾವಳಿಯ ಶಾಲೆಗೆ ಕಳಿಸಿದರು. ಅಲ್ಲಿನ ಮಕ್ಕಳು ತಮ್ಮ ಕಡಲಿನ ಬದುಕು ಬರೆದು ಕಳಿಸಿದರು. ನಮ್ಮ ರಾಜ್ಯದಲ್ಲೇ ದುಡಿಯುವ ಮಕ್ಕಳ ಭೀಮ ಸಂಘ ‘ಭೀಮ ಪತ್ರಿಕೆ’ ಎಂಬ ಗೋಡೆ ಪತ್ರಿಕೆ ನಡೆಸಿತು. ಭೋಪಾಲದಿಂದ 1985ರಲ್ಲಿ ಹೊರಟ ‘ಚಕ್‌ಮಕ್’ ಮಕ್ಕಳ ಸ್ವಂತ ಬರಹಕ್ಕೆ ಪುಟಗಳನ್ನು ಮೀಸಲಿಟ್ಟಿದೆ.

ನಮಗೆ ಮುದ್ರಣ ಯಂತ್ರವೂ ಬೇಡ. ನಾಲ್ಕು ಬಿಳಿ ಹಾಳೆಗಳನ್ನು ಮಧ್ಯಕ್ಕೆ ಮಡಿಸಿದರೆ ಹದಿನಾರು ಪುಟ. ಮೇಲೊಂದು ದಪ್ಪ ಹಾಳೆಯ ರಕ್ಷಾಪುಟ, ಸೂಜಿದಾರದ ಹೊಲಿಗೆ. ಚಿತ್ರವೂ ಮಗುವಿನದೇ, ಅಕ್ಷರವೂ ಮಗುವಿನದೇ. ಬರೆಯಲು ಬಾರದ ಒಂದನೇ ತರಗತಿಯ ಮಗು ಚಿತ್ರ ಬರೆದು ಕಥೆ ಹೇಳಲಿ, ಐದನೇ ತರಗತಿಯ ಅಕ್ಕ ಬರೆದುಕೊಳ್ಳಲಿ. ಎರಡು ಜೆರಾಕ್ಸ್ ಪ್ರತಿ ತೆಗೆದರೆ ಮನೆಗೊಂದು, ಶಾಲೆಗೊಂದು, ಪಂಚಾಯಿತಿ ಗ್ರಂಥಾಲಯಕ್ಕೊಂದು.

ಆದ್ದರಿಂದ ನನ್ನ ಕೋರಿಕೆಗಳು ಇವು. ಶಿಕ್ಷಕರು ವಾರಕ್ಕೊಂದು ಅವಧಿಯನ್ನು ಸ್ವಂತ ಬರಹಕ್ಕೆ ಬಿಡಲಿ. ಸ್ಪರ್ಧೆ ಬೇಡ, ಬಹುಮಾನ ಬೇಡ, ಜಾಣರನ್ನು ಆರಿಸುವುದೂ ಬೇಡ, ಎಲ್ಲ ಮಕ್ಕಳೂ ಬರೆಯಲಿ. ಕಥೆಯ ಕೊನೆಗೆ ನೀತಿ ಸೇರಿಸುವ, ಮಗುವಿನ ವಾಕ್ಯ ಕಿತ್ತು ತಮ್ಮ ವಾಕ್ಯ ಇಡುವ ಆಸೆಯನ್ನು ದೊಡ್ಡವರು ಬಿಡಲಿ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಿಂದ ಪಂಚಾಯಿತಿ ಗ್ರಂಥಾಲಯಗಳ ಬಾಗಿಲು ಮಕ್ಕಳಿಗೆ ಉಚಿತವಾಗಿ ತೆರೆದಿದೆ. ಅಲ್ಲಿ ಮಕ್ಕಳು ಬರೆದ ಪುಸ್ತಕಕ್ಕೊಂದು ಕಪಾಟಿರಲಿ, ಪ್ರತಿ ಪುಸ್ತಕ ದಾಖಲೆ ಪುಸ್ತಕದಲ್ಲಿ ನಂಬರು ಪಡೆಯಲಿ. ಹೊನ್ನೂರಿನ ಪುಸ್ತಕಗಳು ಬೆಟ್ಟದ ಪೋಡುಗಳಿಗೆ ಹತ್ತಲಿ, ಪೋಡಿನವು ಇಲ್ಲಿಗೆ ಇಳಿಯಲಿ. ತಂದೆತಾಯಿಗಳೇ, ಓದು ಬಾರದಿದ್ದರೂ ಸಂಕೋಚ ಬೇಡ. ಮಗುವನ್ನು ಪಕ್ಕ ಕೂರಿಸಿಕೊಂಡು ಅದರ ಪುಸ್ತಕ ಓದಿಸಿ ಕೇಳಿ.

ಮಕ್ಕಳೇ, ನೀವು ನೋಡಿದ್ದು, ಕೇಳಿದ್ದು, ಹೆದರಿದ್ದು, ನಕ್ಕಿದ್ದು ಬರೆಯಿರಿ. ದೊಡ್ಡವರನ್ನು ಮೆಚ್ಚಿಸಲು ಬರೆಯಬೇಡಿ. ಮುಂದಿನ ಸಮ್ಮೇಳನದಲ್ಲಿ ಅಧ್ಯಕ್ಷರ ಭಾಷಣಕ್ಕೂ ಮೊದಲು ನಿಮ್ಮ ಪುಸ್ತಕಗಳು ಬಿಡುಗಡೆಯಾಗಲಿ, ವೇದಿಕೆಯ ಮೇಲೆ ನೀವು ನಿಂತು ಓದಿ, ಕೆಳಗೆ ಕೂತು ನಾವು ಕೇಳುತ್ತೇವೆ. ಈ ಸಭೆ ಹಾಗೆಂದು ನಿರ್ಣಯ ಮಾಡಬೇಕೆಂದು ಕೇಳಿಕೊಂಡು ನನ್ನ ಮಾತು ಮುಗಿಸುತ್ತೇನೆ.