ಆಂಬುಲೆನ್ಸ್ ಬರುವ ಮುನ್ನ

ವಾರಕ್ಕೊಂದೇ ರಜೆಯಿದ್ದರೂ ನಿದ್ದೆ ಬಿಟ್ಟು ಬಂದಿರುವ ಕನ್ನಡದ ಬಂಧುಗಳೇ,

ಊರಿನಲ್ಲಿ 108 ಆಂಬುಲೆನ್ಸಿನಲ್ಲಿದ್ದೆ. ಈಗ ದುಬೈಯಲ್ಲೂ ಅದೇ ಕೆಲಸ. ಎರಡೂ ಕಡೆ ಕಂಡ ಸತ್ಯ ಒಂದೇ. ನಾವು ಎಷ್ಟೇ ಬೇಗ ಬಂದರೂ, ರೋಗಿಯ ಪಕ್ಕದಲ್ಲಿ ಮೊದಲು ಇರುವವರು ನೀವು.

ಹೃದಯ ನಿಂತರೆ ನಾಲ್ಕೈದು ನಿಮಿಷಗಳಲ್ಲೇ ಮೆದುಳಿಗೆ ಪೆಟ್ಟು ಬೀಳತೊಡಗುತ್ತದೆ. ಆ ನಿಮಿಷಗಳು ಎಲ್ಲಿ ಕಳೆದುಹೋಗುತ್ತವೆ? ಕ್ಯಾಂಪಿನಲ್ಲಿ ಒಬ್ಬರು ಕುಸಿದರೆ ರೂಮಿನವರು ಫೋರ್‌ಮನ್‌ಗೆ ಫೋನ್ ಮಾಡುತ್ತಾರೆ. ಅವರು ಕ್ಯಾಂಪ್ ಬಾಸ್‌ಗೆ, ಅವರು ಆಫೀಸಿಗೆ. ದಯವಿಟ್ಟು ಯಾರ ಅಪ್ಪಣೆಗೂ ಕಾಯಬೇಡಿ. ಮೊದಲ ಕರೆ 998ಕ್ಕೆ ಹೋಗಲಿ. ಬಂದಷ್ಟು ಹಿಂದಿ, ಇಂಗ್ಲಿಷಿನಲ್ಲಿ ಹೇಳಿ.

ನಮಗೆ ದೊಡ್ಡ ತೊಡಕು ಟ್ರಾಫಿಕ್ ಒಂದೇ ಅಲ್ಲ. ಒಂದೇ ಥರದ ಹತ್ತು ಕಟ್ಟಡಗಳ ನಡುವೆ ನಿಮ್ಮದನ್ನು ಹುಡುಕುವುದೂ ಕಷ್ಟ. ದುಬೈಯಲ್ಲಿ ಕಟ್ಟಡದ ಬಾಗಿಲ ಬಳಿ 10 ಅಂಕಿಗಳ ಮಕಾನಿ ನಂಬರಿನ ಫಲಕ ಇರುತ್ತದೆ. ಅದರ ಫೋಟೋ ಇವತ್ತೇ ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಕರೆ ಮಾಡಿದ ಮೇಲೆ ಒಬ್ಬರು ಗೇಟಿನಲ್ಲಿ ನಿಲ್ಲಿ, ಇನ್ನೊಬ್ಬರು ಲಿಫ್ಟ್ ತಡೆದು ನಿಲ್ಲಿಸಿ. ವಿಡಿಯೊ ಮಾಡುವ ಕೈಗಳು ಸ್ಟ್ರೆಚರ್‌ಗೆ ದಾರಿ ಬಿಡಿಸಲಿ.

ಕರೆದರೂ ಎಚ್ಚರವಾಗದೆ, ಉಸಿರಾಟ ಸರಿಯಿಲ್ಲದಿದ್ದರೆ ಎದೆಯ ನಡುವೆ ಅಂಗೈ ಊರಿ ಒತ್ತಿ. ನಿಮಿಷಕ್ಕೆ 100ರಿಂದ 120 ಸಲ, ಎರಡು ಇಂಚಿನಷ್ಟು ಆಳಕ್ಕೆ. ನಾವು ಬರುವವರೆಗೂ ನಿಲ್ಲಿಸಬೇಡಿ; ಸುಸ್ತಾದರೆ ಕೈ ಬದಲಿಸಿ.

ಬಿಸಿಲಿನಲ್ಲಿ ಕೆಲಸ ಮಾಡುವವರು ತೊದಲಿದರೆ, ಅಸಂಬದ್ಧ ಮಾತಾಡಿದರೆ ಅದು ಬರೀ ಸುಸ್ತಲ್ಲ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರ ತನಕ ಬಿಸಿಲಿನ ಕೆಲಸಕ್ಕೆ ಇಲ್ಲಿ ನಿಷೇಧವಿರುವುದು ಸುಮ್ಮನೆ ಅಲ್ಲ. 998ಕ್ಕೆ ಕರೆ ಮಾಡಿ, ನೆರಳಿಗೆ ಒಯ್ದು, ಬಟ್ಟೆ ಸಡಿಲಿಸಿ ಮೈಮೇಲೆ ತಣ್ಣೀರು ಸುರಿಯಿರಿ, ಗಾಳಿ ಬೀಸಿ. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ಮಾತ್ರ ನೀರು ಹಾಕಬೇಡಿ.

ಇನ್ನು ನಮ್ಮವರ ದೊಡ್ಡ ಶತ್ರು ಒಂದು ಮಾತು: ‘ಗ್ಯಾಸ್ ಇರಬೇಕು.’ ರಾತ್ರಿಯಿಡೀ ಹಾಗೇ ಅಂದುಕೊಂಡು ಮಲಗಿದ್ದ ಒಬ್ಬರ ಬಳಿಗೆ ಬೆಳಗಿನ ಜಾವ ಹೋಗಿದ್ದೆವು. ತಡವಾಗಿತ್ತು. ದಿಂಬಿನ ಪಕ್ಕ ಅವರ ಫೋನ್ ರಿಂಗಾಗುತ್ತಿತ್ತು. ಮೇಲೆ ಕನ್ನಡದಲ್ಲಿ ‘ಮನೆ’ ಎಂದಿತ್ತು. ಆ ರೂಮಿನಲ್ಲಿ ಅದನ್ನು ಓದಬಲ್ಲವನು ನಾನೊಬ್ಬನೇ.

ಭಾರ ಎತ್ತುವುದು, ರಾತ್ರಿ ಪಾಳಿ, ಇವೆಲ್ಲ ಅಭ್ಯಾಸವಾಗುತ್ತವೆ. ಇಂಥದ್ದು ಆಗುವುದಿಲ್ಲ.

ಸಭಾಂಗಣದ ಹಿಂಭಾಗದಲ್ಲಿ ಎದೆ ಒತ್ತುವ ಅಭ್ಯಾಸಕ್ಕೆ ಬೊಂಬೆಗಳನ್ನು ಇಟ್ಟಿದ್ದೇವೆ. ಊಟಕ್ಕೆ ಹೋಗುವ ಮುಂಚೆ ಎರಡು ನಿಮಿಷ ಅಲ್ಲಿಗೆ ಬನ್ನಿ. ನಿಮ್ಮ ರೂಮ್‌ಮೇಟ್‌ನನ್ನೂ ಕರೆತನ್ನಿ; ಅಗತ್ಯ ಬಿದ್ದಾಗ ನಿಮ್ಮ ಎದೆ ಒತ್ತಬೇಕಾದವರು ಅವರೇ.