ಅಳತೆಗೆ ಸಿಕ್ಕ ಬುದ್ಧಿ

ಮನುಷ್ಯನ ಸಾಮರ್ಥ್ಯಕ್ಕೆ ಮಿತಿಯಿದೆಯೇ ಎಂಬ ಪ್ರಶ್ನೆ ಶಿಕ್ಷಕರ ಸಮ್ಮೇಳನವೊಂದರ ಮುಂದೆ ಬಂದಾಗ, ಮಿತಿಯಿದೆಯೆಂದು ಮೊದಲೇ ಒಪ್ಪಿಕೊಳ್ಳುವುದು ಲೇಸು. ಎಲ್ಲರೂ ಎಲ್ಲವನ್ನೂ ಸಾಧಿಸಬಲ್ಲರೆಂಬ ಮಾತು ವೇದಿಕೆಯ ಮೇಲೆ ಚಪ್ಪಾಳೆ ಗಿಟ್ಟಿಸಿದರೂ ತರಗತಿಯಲ್ಲಿ ನಿಲ್ಲುವುದಿಲ್ಲ. ಆದರೆ ಆ ಮಿತಿ ಒಂದು ಮಗುವಿನಲ್ಲಿ ಎಲ್ಲಿದೆಯೆಂದು ಮುಂಚಿತವಾಗಿ ಹೇಳಬಲ್ಲ ವಿದ್ಯೆ ಯಾರಲ್ಲಿಯೂ ಇಲ್ಲ. ಇದೆಯೆಂದು ನಂಬಿದ್ದರಿಂದ ಆದ ಅನ್ಯಾಯಕ್ಕೆ ಬುದ್ಧಿಮಾಪನದ ಚರಿತ್ರೆಯೇ ಸಾಕ್ಷಿಯಾಗಿದೆ.

ಪ್ಯಾರಿಸ್ಸಿನ ಮನೋವಿಜ್ಞಾನಿ ಆಲ್ಫ್ರೆಡ್ ಬಿನೆ 1905ರಲ್ಲಿ ತಿಯೊಡೋರ್ ಸಿಮೊನ್ ಅವರೊಡನೆ ಸಿದ್ಧಪಡಿಸಿದ ಪರೀಕ್ಷೆಯು ಸುಲಭದಿಂದ ಕಠಿಣಕ್ಕೆ ಏರುವ 30 ಕೆಲಸಗಳ ಸರಣಿಯಾಗಿದ್ದು, ಸಾಮಾನ್ಯ ತರಗತಿಯಲ್ಲಿ ಹಿಂದುಳಿಯುವ ಮಕ್ಕಳನ್ನು ಗುರುತಿಸಿ ಅವರಿಗೆ ವಿಶೇಷ ಬೋಧನೆ ಒದಗಿಸುವುದು ಅದರ ಉದ್ದೇಶವಾಗಿತ್ತು. ಬುದ್ಧಿಯು ಹೆಚ್ಚಿಸಲಾಗದ ನಿಗದಿತ ಮೊತ್ತವೆಂಬ ಮತವನ್ನು ಬಿನೆ 1909ರ ತಮ್ಮ ಗ್ರಂಥದಲ್ಲಿ ಕಟುವಾಗಿ ವಿರೋಧಿಸಿದರಲ್ಲದೆ, ಗಮನವನ್ನೂ ಸಂಕಲ್ಪಶಕ್ತಿಯನ್ನೂ ಅಭ್ಯಾಸದಿಂದ ಬಲಪಡಿಸುವ ತರಬೇತಿಯನ್ನು ಸೂಚಿಸಿದರು. ಮಕ್ಕಳು ಶಿಲೆಯಂತೆ ಅಲುಗಾಡದೆ ನಿಲ್ಲುವ ಆಟವೂ ಅದರಲ್ಲಿ ಸೇರಿತ್ತು. 1911ರಲ್ಲಿ ಅವರು ತೀರಿಕೊಂಡ ಮೇಲೆ ಪರೀಕ್ಷೆ ಉಳಿಯಿತು, ಎಚ್ಚರಿಕೆ ಉಳಿಯಲಿಲ್ಲ. ಮಾನಸಿಕ ವಯಸ್ಸನ್ನು, ಅಂದರೆ ಮಗುವಿನ ಉತ್ತರಗಳು ಯಾವ ವಯಸ್ಸಿನವರ ಉತ್ತರಗಳಿಗೆ ಸಮವೋ ಆ ವಯಸ್ಸನ್ನು, ನಿಜವಾದ ವಯಸ್ಸಿನಿಂದ ಭಾಗಿಸುವ ಸೂತ್ರವನ್ನು 1912ರಲ್ಲಿ ಜರ್ಮನಿಯ ವಿಲಿಯಂ ಸ್ಟರ್ನ್ ಕೊಟ್ಟರು. 1916ರಲ್ಲಿ ಅಮೆರಿಕದ ಲೂಯಿಸ್ ಟರ್ಮನ್ ಆ ಭಾಗಲಬ್ಧವನ್ನು ನೂರರಿಂದ ಗುಣಿಸಿ ಬುದ್ಧಿಲಬ್ಧವೆಂದು ಬಳಕೆಗೆ ತಂದರು. ಎಂಟರ ಮಾನಸಿಕ ವಯಸ್ಸುಳ್ಳ ಹತ್ತು ವರ್ಷದ ಬಾಲಕನಿಗೆ 80 ಎಂಬ ಅಂಕಿ ಹಣೆಬರಹದಂತೆ ಅಂಟಿಕೊಂಡಿತು.

ಇದೇ ಟರ್ಮನ್ ಪ್ರತಿಭಾವಂತ ಮಕ್ಕಳನ್ನು ಆರಿಸಿ ದೀರ್ಘಕಾಲ ಗಮನಿಸುವ ಅಧ್ಯಯನವನ್ನು 1921ರಲ್ಲಿ ಆರಂಭಿಸಿದಾಗ, ಅಂಕಗಳು ಸಾಲದೆ ಹೊರಗುಳಿದವರಲ್ಲಿ ವಿಲಿಯಂ ಶಾಕ್ಲಿ ಮತ್ತು ಲೂಯಿಸ್ ಆಲ್ವರೆಜ್ ಇದ್ದರು. ಮೊದಲನೆಯವರಿಗೆ 1956ರಲ್ಲಿ, ಎರಡನೆಯವರಿಗೆ 1968ರಲ್ಲಿ ಭೌತವಿಜ್ಞಾನದ ನೊಬೆಲ್ ಬಂದಿತು. (ಶಾಕ್ಲಿಯವರೇ ಮುಂದೆ ಬುದ್ಧಿಯನ್ನು ಜನಾಂಗದ ಆನುವಂಶಿಕ ಸೊತ್ತೆಂದು ವಾದಿಸಿ ಹೆಸರು ಕೆಡಿಸಿಕೊಂಡದ್ದು ವಿಪರ್ಯಾಸ.) ಧಾರವಾಡದ ವಿ. ವಿ. ಕಾಮತರು 1930ರ ದಶಕದಲ್ಲಿ ಬಿನೆ ಪರೀಕ್ಷೆಯನ್ನು ಕನ್ನಡ, ಮರಾಠಿ ಮಕ್ಕಳಿಗೆ ಒಗ್ಗಿಸಿದರು. ಹಾಗೆ ಒಗ್ಗಿಸಬೇಕಾಗಿ ಬಂದದ್ದೇ, ಪರೀಕ್ಷೆಯು ಮಗುವಿನೊಂದಿಗೆ ಅದರ ಮನೆ, ಭಾಷೆ, ಶಾಲೆಗಳನ್ನೂ ಅಳೆಯುತ್ತದೆ ಎಂಬುದಕ್ಕೆ ಪುರಾವೆ.

ಅಳತೆಯೇ ಬೇಡವೆಂಬ ವಾದ ಇಲ್ಲಿಲ್ಲ. ಮಗು ಈಗ ಎಲ್ಲಿದೆಯೆಂದು ತಿಳಿಯದೆ ಮುಂದಿನ ಪಾಠವನ್ನು ನಿರ್ಧರಿಸಲಾಗದು, ಮತ್ತು ಮುಂದಿನ ಪಾಠವನ್ನು ನಿರ್ಧರಿಸುವುದರಾಚೆಗೆ ಅಳತೆಗೆ ಶಾಲೆಯಲ್ಲಿ ಬೇರೆ ಕೆಲಸವಿರಬಾರದು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ನಲಿ-ಕಲಿ ಪದ್ಧತಿ ಇದನ್ನು ಸಾಮಾನ್ಯ ಸರ್ಕಾರಿ ಶಾಲೆಯಲ್ಲಿಯೇ ಮಾಡಿ ತೋರಿಸಿತು: ಕಲಿಕಾ ಏಣಿಯ ಮೈಲಿಗಲ್ಲುಗಳನ್ನು ಪ್ರತಿ ಮಗುವೂ ತನ್ನ ವೇಗದಲ್ಲಿ ದಾಟುತ್ತದೆ, ಶಿಕ್ಷಕರ ನೆರವು ಎಷ್ಟು ಬೇಕೆಂಬುದನ್ನು ನೋಡಿ ‘ತಟ್ಟೆ’ ಎಂದು ಕರೆಯುವ ಬೇರೆ ಬೇರೆ ಗುಂಪುಗಳಲ್ಲಿ ಕೂರುತ್ತದೆ, ಸುಗ್ಗಿಯ ಕಾಲದಲ್ಲಿ ಗೈರುಹಾಜರಾದರೆ ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. ತರಬೇತಿ, ಸಾಮಗ್ರಿಗಳ ಕೊರತೆಯಿಂದ ಅದು ಹಲವೆಡೆ ಸೊರಗಿದೆಯೆಂಬುದು ಶಿಕ್ಷಕರಿಗೆ ಹೇಳಬೇಕಾದ ವಿಷಯವಲ್ಲ. ಅದಕ್ಕಿಂತ ದೊಡ್ಡ ತೊಡಕೆಂದರೆ, ನಾಲ್ಕನೆಯ ತರಗತಿಗೆ ಬಂದ ಕೂಡಲೇ ಆ ಮಕ್ಕಳೆಲ್ಲರೂ ಒಂದೇ ದಿನ ಒಂದೇ ಪುಟ ತೆರೆಯಬೇಕಾಗುತ್ತದೆ. ಈ ಸಮ್ಮೇಳನದ ನಿರ್ಣಯಗಳಲ್ಲಿ ಮೊದಲನೆಯದು ಆ ನಾಲ್ಕನೆಯ ತರಗತಿಯನ್ನು ಕುರಿತದ್ದಾಗಿರುವುದು ಯುಕ್ತ.